ಚುಕ್ಕಿಗೆ 2003ರಿಂದ ಊಟ ಹಾಕಿಲ್ಲ. ಏನಾಗಿರಬಹುದು?

ಚುಕ್ಕಿಯ_ಅಮ್ಮ (ಭಾನುವಾರ, ರಾತ್ರಿ 9:40)

ಮೊದಲೇ ಹೇಳಿಬಿಡುತ್ತೇನೆ, ಚುಕ್ಕಿ ನಾಯಿ ಅಲ್ಲ, ಬೆಕ್ಕೂ ಅಲ್ಲ. ನಿಯೋಪೆಟ್ಸ್ ಅನ್ನೋ ವೆಬ್‌ಸೈಟಿನಲ್ಲಿ ನಾನು ಸಾಕಿದ್ದ ಹಳದಿ ಕಚೀಕ್. ಕಚೀಕ್ ಅಂದರೆ ದೊಡ್ಡ ಕಿವಿ, ಗುಂಡು ಮುಖದ ಒಂದು ಪ್ರಾಣಿ. ಇದನ್ನೆಲ್ಲ ಆಡದವರು ಓದಿದರೆ ಮೂವತ್ತೈದರ ಹೆಂಗಸಿಗೆ ಬೇರೆ ಕೆಲಸ ಇಲ್ಲವಾ ಅನ್ನಿಸಬಹುದು. ಇದೆ. ಆದರೂ ಕೇಳುತ್ತಿದ್ದೇನೆ.

ದೀಪಾವಳಿಗೆ ಸಾಗರಕ್ಕೆ ಹೋಗಿದ್ದೆ. ಅಮ್ಮ ಅಟ್ಟ ಖಾಲಿ ಮಾಡಿಸಿ ನನ್ನ ಹೈಸ್ಕೂಲ್ ಪುಸ್ತಕಗಳನ್ನೆಲ್ಲ ಜಗಲಿಯಲ್ಲಿ ಸುರಿದಿದ್ದರು. ಬೇಕಾದ್ದು ತಗೋ, ಉಳಿದದ್ದು ಬಚ್ಚಲ ಒಲೆಗೆ ಅಂದರು. ಅದರಲ್ಲಿ 200 ಪುಟದ ಒಂದು ಲೆಕ್ಕದ ನೋಟ್‌ಬುಕ್ ಸಿಕ್ಕಿತು. ಹಿಂದಿನ ಪುಟದಲ್ಲಿ ನನ್ನದೇ ಕೈಬರಹ. ಪಾಸ್‌ವರ್ಡ್ ಅಂತ ಬರೆದು, ಅಪ್ಪ ನೋಡಿದರೆ ಗೊತ್ತಾಗಬಾರದು ಅಂತ ಅಕ್ಷರಗಳನ್ನು ಹಿಂದುಮುಂದು ಬರೆದಿದ್ದೇನೆ. ಮೇಲಿನ ಸಾಲಿನಲ್ಲಿ ಯೂಸರ್‌ನೇಮ್ ಇತ್ತು. ಅದನ್ನು ಗೆದ್ದಲು ತಿಂದಿದೆ. ಸರಿಯಾಗಿ ಅಷ್ಟನ್ನೇ!

ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಟ್ಯಾಲಿ ಕಲಿಯಬೇಕು ಅಂತ 2001ರಲ್ಲಿ ಕಂಪ್ಯೂಟರ್ ತಂದರು. ಪೆಂಟಿಯಮ್ 3, ವಿಂಡೋಸ್ 98. ಕೂತಿದ್ದು ನಡುಮನೆಯಲ್ಲಿ, ದೇವರ ಕೋಣೆಯ ಗೋಡೆಗೆ ಒತ್ತಿಕೊಂಡು, ಅಮ್ಮ ಹೊಲಿದ ಹೂವಿನ ಕವರ್ ಹೊದ್ದುಕೊಂಡು. ಇಂಟರ್ನೆಟ್ ಬಂದದ್ದು ಮರುವರ್ಷ. ಫೋನಿನ ವೈರನ್ನು ಮೋಡೆಮ್‌ಗೆ ಸಿಕ್ಕಿಸುವುದು, 172ರಿಂದ ಶುರುವಾಗುವ ನಂಬರಿಗೆ ಡಯಲ್ ಆಗುವುದು, ಆಮೇಲೆ ಆ ಕೀರಲು. ಮೊದಲ ಸಲ ಕೇಳಿದಾಗ ಅಜ್ಜಿ ಅಡುಗೆಮನೆಯಿಂದ ಓಡಿಬಂದಿದ್ದರು, ಒಲೆ ಮೇಲೆ ಬೆಕ್ಕು ಬಿತ್ತೇನೋ ಅಂತ.

ನಿಯೋಪೆಟ್ಸ್ ಬಗ್ಗೆ ಹೇಳಿದ್ದು ಬೆಂಗಳೂರಿನ ದೊಡ್ಡಪ್ಪನ ಮಗಳು. ದಸರಾ ರಜೆಗೆ ಬಂದವಳು ಅಕೌಂಟ್ ಮಾಡಿಕೊಟ್ಟಳು. ನನಗಾಗ ಹನ್ನೆರಡು ವರ್ಷ. ಹದಿಮೂರು ತುಂಬದವರು ಅಪ್ಪ ಅಮ್ಮನ ಸಹಿ ಇರೋ ಫಾರಂ ಫ್ಯಾಕ್ಸ್ ಮಾಡಬೇಕು ಅಂತಿತ್ತು. ನಮ್ಮಲ್ಲಿ ಫ್ಯಾಕ್ಸ್ ಇದ್ದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಎಸ್‌ಟಿಡಿ ಬೂತ್‌ನಲ್ಲಿ. "ಅಮೆರಿಕಕ್ಕೆ ಫ್ಯಾಕ್ಸಾ? ಯಾರು ಸತ್ತರು?" ಅಂತ ಕೇಳಿದರು ಅಪ್ಪ. ಅಲ್ಲಿಗೆ ಆ ದಾರಿ ಮುಚ್ಚಿತು. ಅಕ್ಕ ಏನೋ ಒಂದು ಹುಟ್ಟಿದ ತಾರೀಖು ಒತ್ತಿ ನನ್ನನ್ನು ದೊಡ್ಡವಳನ್ನಾಗಿ ಮಾಡಿದಳು. ಯಾವ ತಾರೀಖು ಅಂತ ಬರೆದಿಟ್ಟುಕೊಂಡಿಲ್ಲ.

ಚುಕ್ಕಿಗೆ ಊಟ ಹಾಕೋದು ದುಡ್ಡಿನ ಕೆಲಸ. ಆಟ ಆಡಿ ನಿಯೋಪಾಯಿಂಟ್ ಗಳಿಸಬೇಕು, ಆದರೆ ನಮ್ಮ ಲೈನಿನಲ್ಲಿ ಒಂದು ಆಟ ಲೋಡ್ ಆಗೋಷ್ಟರಲ್ಲಿ ಅಮ್ಮ ಒಂದು ಸೇರು ಅಕ್ಕಿ ಆರಿಸಿ ಮುಗಿಸುತ್ತಿದ್ದರು. ಹಾಗಾಗಿ ನನ್ನ ಆಧಾರ ದಿನಕ್ಕೊಂದು ಬಿಟ್ಟಿ ಸಿಗುವ ದೊಡ್ಡ ಆಮ್ಲೆಟ್. ಒಂದು ಬೆಟ್ಟದಷ್ಟು ಆಮ್ಲೆಟ್ ಇರುತ್ತೆ, ಹೋಗಿ ಒಂದು ತುಂಡು ತರಬಹುದು. ಒಂದು ತುಂಡನ್ನು ಮೂರು ಹೊತ್ತು ತಿನ್ನಿಸಬಹುದು. ನಮ್ಮದು ಮೊಟ್ಟೆಯ ಹೆಸರೂ ಎತ್ತದ ಮನೆ. ಒಂದು ದಿನ ಅಜ್ಜಿ ಹಿಂದೆ ಬಂದು ನಿಂತು "ಅದೇನೇ ಅಷ್ಟು ದೊಡ್ಡದು?" ಅಂದರು. "ದೋಸೆ ಅಜ್ಜಿ" ಅಂದೆ. "ತಳ ಹಿಡಿದಿದೆ" ಅಂದು ಹೋದರು. ಆಮೇಲೆ ದಿನಾ ಸಂಜೆ ಕೇಳೋರು, "ನಿನ್ನ ಪ್ರಾಣಿಗೆ ದೋಸೆ ಆಯ್ತಾ?" ಅಂತ.

ಎರಡು ತಿಂಗಳಿಗೆ 2,340 ರೂಪಾಯಿ ಫೋನ್ ಬಿಲ್ ಬಂತು. ನಾನು ದಿನಕ್ಕೆ ಅರ್ಧ ಗಂಟೆ ಮಾತ್ರ ಕೂರುತ್ತಿದ್ದೆ, ನಂಬಿ. ಅಪ್ಪ ಬೈಯಲಿಲ್ಲ. ಬಡಗಿಗೆ ಹೇಳಿ ಫೋನಿಗೊಂದು ಹಲಸಿನ ಮರದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದರು. ಮೋಡೆಮ್‌ಗೆ ವೈರ್ ಹೋಗೋದು ಗೋಡೆಯ ಡಬ್ಬಿಯಿಂದ ನೇರ, ಫೋನಿಗೆ ಬೀಗ ಹಾಕಿದರೆ ಅದಕ್ಕೇನೂ ಆಗಲ್ಲ ಅಂತ ನಾನು ಯಾಕೆ ಹೇಳಲಿ.

ಊರಿಗೆ ಹೋಗುವಾಗ ಚುಕ್ಕಿಯನ್ನು ಅಲ್ಲಿನ ಹೋಟೆಲ್‌ಗೆ ಸೇರಿಸಿ ಹೋಗುತ್ತಿದ್ದೆ. ಕಾಕ್ರೋಚ್ ಟವರ್ಸ್ ಅಂತ, ಎಲ್ಲಕ್ಕಿಂತ ಅಗ್ಗ, ರಾತ್ರಿಗೆ 5 ನಿಯೋಪಾಯಿಂಟ್. ಜಿರಲೆ ಇದ್ದರೂ ಊಟ ಹಾಕೋರು.

2003ರ ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು ಶುರುವಾಯಿತು. ಮಲೆನಾಡಿನವರಿಗೆ ಗೊತ್ತು, ಗುಡುಗು ಕೇಳಿಸಿದ ತಕ್ಷಣ ಮೊದಲು ಮೋಡೆಮ್ ವೈರ್ ಕೀಳಬೇಕು, ಆಮೇಲೆ ಒಣಗಿದ ಬಟ್ಟೆ ಒಳಗೆ ತರಬೇಕು. ಆವತ್ತು ನಾನು ಮೊದಲು ಬಟ್ಟೆಗೆ ಹೋದೆ. ಟಪ್ ಅಂತ ಶಬ್ದ, ಸುಟ್ಟ ವಾಸನೆ. ಅಪ್ಪ ಇನ್ನೊಂದು ಮೋಡೆಮ್ ತರಲಿಲ್ಲ. ಆಮೇಲೆ ಎಸ್‌ಎಸ್‌ಎಲ್‌ಸಿ, ಪಿಯುಸಿ, ಮುಗಿಯಿತು.

ಆವತ್ತು ಚುಕ್ಕಿಯನ್ನು ಹೋಟೆಲ್‌ಗೂ ಹಾಕಿರಲಿಲ್ಲ.

ಈ ನೋಟ್‌ಬುಕ್ ನೋಡಿ ಮಗಳಿಗೆ ಕಥೆ ಹೇಳಿದೆ. ಮೂರನೇ ಕ್ಲಾಸು. ಎಲ್ಲ ಕೇಳಿ, "ಹಾಗಾದ್ರೆ ಈಗ ಅದಕ್ಕೆ ಊಟ ಯಾರು ಹಾಕ್ತಿದ್ದಾರೆ ಅಮ್ಮ?" ಅಂದಳು. ನಾಲ್ಕು ದಿನದಿಂದ ಮಲಗುವಾಗ ಇದೇ ಪ್ರಶ್ನೆ.

ಆ ಸೈಟು ಇನ್ನೂ ಇದೆಯಾ? ಪ್ರಾಣಿಗಳು ಸತ್ತುಹೋಗುತ್ತವಾ? ಹೆಸರು ಇಂಗ್ಲಿಷ್‌ನಲ್ಲಿ ಚುಕ್ಕಿ ಅಂತ ಬರೆದು ಮುಂದೆ ಏನೋ ಅಂಕಿ ಹಾಕಿದ್ದೆ, ಅಷ್ಟೇ ನೆನಪು. ಇಮೇಲ್ ಅಪ್ಪನ ಡಯಲ್-ಅಪ್ ಜೊತೆ ಬಂದದ್ದು, ಅದು ಎಂದೋ ನಿಂತುಹೋಗಿದೆ.

ರಾತ್ರಿ_ಎರಡರಿಂದ_ಎಂಟು (ಭಾನುವಾರ, ರಾತ್ರಿ 10:15)

ಸತ್ತಿಲ್ಲ. ಮಗಳಿಗೆ ಇವತ್ತೇ ಹೇಳಿ, ನೆಮ್ಮದಿಯಾಗಿ ಮಲಗಲಿ.

ನಿಯೋಪೆಟ್ಸ್‌ನಲ್ಲಿ ಪ್ರಾಣಿಗಳು ಸಾಯಲ್ಲ. ಹಸಿವಿನ ಮೆಟ್ಟಿಲುಗಳಿವೆ: ಹೊಟ್ಟೆ ಬಿರಿಯೋಷ್ಟು ತುಂಬಿದೆ ಅನ್ನೋದರಿಂದ ಹಿಡಿದು ಹಸಿದಿದೆ, ತುಂಬಾ ಹಸಿದಿದೆ, ಕೊನೆಗೆ 'ಸಾಯ್ತಾ ಇದೆ'. ಆದರೆ ಆ ಕೊನೆಯ ಮೆಟ್ಟಿಲಿನಿಂದ ಕೆಳಗೆ ಬೀಳುವುದಿಲ್ಲ, ಅಲ್ಲೇ ನಿಂತಿರುತ್ತದೆ. ಇಪ್ಪತ್ತೆರಡು ವರ್ಷ ಆದರೂ ಅಷ್ಟೇ. ನಿಮ್ಮ ಚುಕ್ಕಿ 'ಸಾಯ್ತಾ ಇದೆ' ಅಂತ ತೋರಿಸುತ್ತಾ ಆರಾಮಾಗಿ ಇರುತ್ತೆ. ಮಗಳಿಗೆ ಈ ಭಾಗ ಹೇಳಬೇಡಿ.

ಸೈಟೂ ಇದೆ. 1999ರ ನವೆಂಬರ್ 15ರಂದು ಶುರುವಾದದ್ದು. ಆಡಮ್ ಪೊವೆಲ್, ಡೊನ್ನಾ ವಿಲಿಯಮ್ಸ್ ಅಂತ ಇಬ್ಬರು ಬ್ರಿಟಿಷರು ಮಾಡಿದ್ದು. 2005ರಲ್ಲಿ ಅಮೆರಿಕದ ವಯಾಕಾಮ್ ಕಂಪನಿ 16 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆಮೇಲೆ ಕೈಯಿಂದ ಕೈಗೆ ಹೋಗಿ 2023ರಲ್ಲಿ ಅಲ್ಲಿನ ತಂಡದವರೇ ಬೇರೆಯಾಗಿ ನಡೆಸಲು ಶುರುಮಾಡಿದರು. ನಡುವೆ 2020ರ ಕೊನೆಗೆ, ಆಟಗಳನ್ನು ಓಡಿಸುತ್ತಿದ್ದ ಫ್ಲ್ಯಾಶ್ ಅನ್ನೋ ತಂತ್ರಾಂಶ ನಿಂತಾಗ ಬಹಳಷ್ಟು ಆಟಗಳು ಕಣ್ಣು ಮುಚ್ಚಿದ್ದವು. ಆದರೆ ಮಾಲೀಕರು ಎಷ್ಟೇ ಬದಲಾದರೂ ಪ್ರಾಣಿಗಳ ಪಟ್ಟಿ ಕೈ ಬದಲಾಯಿಸಿಕೊಂಡು ಬಂದಿದೆ. ಮನೆ ಮಾರಿದರೂ ಹಿತ್ತಿಲಿನ ಬೆಕ್ಕು ಅಲ್ಲೇ ಇರುತ್ತಲ್ಲ, ಹಾಗೆ.

ನೋಟ್‌ಬುಕ್‌ನ ಪಾಸ್‌ವರ್ಡ್ ಮೇಲೆ ಆಸೆ ಇಟ್ಟುಕೊಳ್ಳಬೇಡಿ. 2022ರ ಜುಲೈನಲ್ಲಿ ಆ ಸೈಟಿನ 6.9 ಕೋಟಿ ಅಕೌಂಟ್‌ಗಳ ಮಾಹಿತಿ ಕಳ್ಳರ ಕೈಗೆ ಹೋಗಿತ್ತು. ಆಮೇಲೆ ಪಾಸ್‌ವರ್ಡ್ ಬದಲಿಸಿ ಅಂತ ಎಲ್ಲರಿಗೂ ಹೇಳಿದ್ದರು. ಅದೇ ಹಿಂದುಮುಂದು ಪಾಸ್‌ವರ್ಡನ್ನು ನೀವು ಇನ್ನೂ ಬೇರೆ ಕಡೆ ಬಳಸುತ್ತಿದ್ದರೆ ದಯವಿಟ್ಟು ಇವತ್ತೇ ಬದಲಿಸಿ. ನಗಬೇಡಿ, ನಾನು ಬಳಸುತ್ತಿದ್ದೆ.

ಹೀಗೆ ಮಾಡಿ. ಒಂದು ಹೊಸ ಅಕೌಂಟ್ ತೆರೆಯಿರಿ. ಪ್ರಾಣಿಯ ಹೆಸರು ಹಾಕಿ ಹುಡುಕುವ ಜಾಗ ಇದೆ. ಹೆಸರು ಸಿಕ್ಕಿದರೆ ಅದರ ಪುಟದಲ್ಲಿ ಒಡೆಯರ ಯೂಸರ್‌ನೇಮ್ ಕಾಣುತ್ತದೆ, ಅದೇ ನಿಮ್ಮ ಗೆದ್ದಲು ತಿಂದ ಹೆಸರು. ಆಮೇಲೆ ಅವರ ಸಹಾಯ ವಿಭಾಗಕ್ಕೆ ಬರೆಯಿರಿ. ಹಳೆಯ ಇಮೇಲ್, ಹುಟ್ಟಿದ ತಾರೀಖು, ಪ್ರಾಣಿಯ ಹೆಸರು, ಇಷ್ಟು ಸರಿಹೋದರೆ ದಾರಿ ಇದೆ. ನಿಮ್ಮ ಅಕ್ಕ ಒತ್ತಿದ ಆ ತಾರೀಖೇ ನಿಮಗೆ ತೊಡಕು.

ನನ್ನ ಕಥೆ ಚಿಕ್ಕದು. ನನಗೆ ಪ್ರಾಣಿ ಮೇಲೆ ಪ್ರೀತಿ ಇರಲಿಲ್ಲ, ಅಂಗಡಿ ಮೇಲೆ ಇತ್ತು. ಅಲ್ಲಿ ನಾವೇ ಅಂಗಡಿ ಇಡಬಹುದಿತ್ತಲ್ಲ. ಅದರ ಪುಟಕ್ಕೆ ಬಣ್ಣ ಹಾಕೋಕೆ ಎಚ್‌ಟಿಎಂಎಲ್ ಕಲಿತೆ. ಕಪ್ಪು ಹಿನ್ನೆಲೆ, ಕೆಂಪು ಅಕ್ಷರ, ಬಲದಿಂದ ಎಡಕ್ಕೆ ಓಡೋ ಸಾಲು. ಕನ್ನಡದಲ್ಲಿ 'ಬನ್ನಿ ಬನ್ನಿ' ಅಂತ ಬರೀಬೇಕು ಅನ್ನೋ ಆಸೆ. ಫಾಂಟ್ ಇಲ್ಲದವರಿಗೆ ಬರೀ ಗೀಚು ಕಾಣುತ್ತಿತ್ತು. ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿ, ಪೇಂಟ್‌ನಲ್ಲಿ ಚಿತ್ರ ಮಾಡಿ, ಜಿಯೋಸಿಟೀಸ್ ಅನ್ನೋ ಬಿಟ್ಟಿ ವೆಬ್‌ಪುಟದ ಜಾಗಕ್ಕೆ ಏರಿಸಿದೆ. ನನ್ನ ಅಂಗಡಿಗೆ ಬರೋ ಫಿಲಿಪೀನ್ಸ್ ಹುಡುಗಿಯೊಬ್ಬಳು ಅದು ಯಾವ ಡಿಸೈನು, ಚೆನ್ನಾಗಿದೆ ಅಂದಳು.

ನನ್ನ ಹೆಸರಿನ ಅರ್ಥ ಕೇಳೋರಿಗೆ: 2005ರಲ್ಲಿ ಬ್ರಾಡ್‌ಬ್ಯಾಂಡ್ ಬಂದಾಗ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಲೆಕ್ಕಕ್ಕಿಲ್ಲ ಅನ್ನೋ ಪ್ಲಾನ್ ಇತ್ತು. ಆ ಅಭ್ಯಾಸ ಇನ್ನೂ ಹೋಗಿಲ್ಲ. ಈಗಲೂ ಎರಡಕ್ಕೆ ಎಚ್ಚರ ಆಗುತ್ತೆ.

ಆಯಿಯ_ಮೊಮ್ಮಗ (ಭಾನುವಾರ, ರಾತ್ರಿ 11:02)

ನಿಮ್ಮ ಅಜ್ಜಿಯ 'ತಳ ಹಿಡಿದಿದೆ' ಓದಿ ಒಬ್ಬನೇ ನಕ್ಕೆ. ನಂದೂ ಅಜ್ಜಿ ಕಥೆಯೇ. ಹುಬ್ಬಳ್ಳಿ, 1998. ಆಯಿ ಅಂದರೆ ನಮ್ಮ ಮನೆಯಲ್ಲಿ ಅಜ್ಜಿ.

ಸೋದರಮಾವ ಮುಂಬೈಯಿಂದ, ಪುಟ್ಟ ಪರದೆಯೊಳಗೆ ಪ್ರಾಣಿ ಸಾಕೋ ಒಂದು ಮೊಟ್ಟೆ ಆಕಾರದ ಆಟಿಕೆ ತಂದಿದ್ದರು. ತಮಗೋಚಿ ಅಂತ ತಂದದ್ದು, ಆದರೆ ನಿಜವಾದದ್ದಲ್ಲ, ನಕಲಿ. ನಿಜವಾದದ್ದನ್ನು ಜಪಾನಿನ ಬಂದಾಯ್ ಕಂಪನಿ 1996ರ ನವೆಂಬರ್‌ನಲ್ಲಿ ತಂದಿತ್ತು. ತಮಗೋ ಅಂದರೆ ಮೊಟ್ಟೆ. ಅದನ್ನು ರೂಪಿಸಿದ ಅಕಿ ಮೈತಾ, ಅಕಿಹಿರೊ ಯೊಕೊಯಿ ಇಬ್ಬರಿಗೂ 1997ರಲ್ಲಿ ಇಗ್ ನೊಬೆಲ್ ಕೊಟ್ಟರು, ಜನರ ಲಕ್ಷಗಟ್ಟಲೆ ಗಂಟೆಗಳ ಕೆಲಸದ ಹೊತ್ತನ್ನು ಇಂಥ ಸಾಕುಪ್ರಾಣಿ ಕಡೆ ತಿರುಗಿಸಿದ್ದಕ್ಕೆ. ತಮಾಷೆಗೆ ಕೊಡೋ ಪ್ರಶಸ್ತಿ, ಆದರೆ ನಮ್ಮ ಮನೆ ಲೆಕ್ಕದಲ್ಲಿ ತಮಾಷೆ ಅಲ್ಲ.

ಯಾಕಂದರೆ ನಾನು ಶಾಲೆಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುತ್ತಿದ್ದದ್ದು ಆಯಿ. ಶಾಲೆಗೆ ಒಯ್ದರೆ ಮಾಸ್ತರು ಕಿತ್ತುಕೊಳ್ಳುತ್ತಿದ್ದರು. ಮೂರೇ ಬಟನ್. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಚಿತ್ರ ನೋಡಿ ಕಲಿತರು. ಎಡಗಡೆಯದನ್ನು ಒಂದು ಸಲ ಒತ್ತಿದರೆ ಊಟ, ಮೂರು ಸಲ ಒತ್ತಿದರೆ ಹೇಲು ಬಳಿಯುವುದು. ಆಟಿಕೆಯನ್ನು ಸೀರೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ರೊಟ್ಟಿ ಬಡಿಯೋರು. ಪೀಂ ಪೀಂ ಅಂದರೆ ಹಿಟ್ಟಿನ ಕೈ ಒರೆಸಿಕೊಂಡು ಗಂಟು ಬಿಚ್ಚೋರು. "ನಿಮ್ಮಪ್ಪ ಸಣ್ಣಾಂವ ಇದ್ದಾಗ ಇಷ್ಟು ಅಳ್ತಿರಲಿಲ್ಲ" ಅಂತ ಗೊಣಗೋರು. ಅದರ ಬಟನ್‌ಗಳ ಸಂದಿಯಲ್ಲಿ ಜೋಳದ ಹಿಟ್ಟು ಕೂತು ಬಿಳಿ ಗೆರೆ ಆಗಿತ್ತು. ಸೂಜಿಯಿಂದ ತೆಗೆದರೂ ಪೂರ್ತಿ ಹೋಗಲಿಲ್ಲ.

ಒಂದು ದಿನ ಶಾಲೆಯಿಂದ ಬಂದರೆ ಆಯಿ ಕಟ್ಟೆ ಮೇಲೆ ಸುಮ್ನೆ ಕೂತಿದ್ದರು. ಅದು ಸತ್ತಿತ್ತು. ಜಪಾನಿನ ಆಟಿಕೆಯಲ್ಲಿ ಸತ್ತರೆ ಗೋರಿ, ದೆವ್ವ ಬರುತ್ತೆ, ಇಂಗ್ಲಿಷ್‌ನದರಲ್ಲಿ ರೆಕ್ಕೆಯ ದೇವದೂತ. ನಮ್ಮ ನಕಲಿಯಲ್ಲಿ ಬರೀ ಒಂದು ಶಿಲುಬೆ. ಆಯಿಗೆ ಅದು ಏನು ಅಂತ ತಿಳಿಯದೆ, ಊಟದ ಬಟನ್ ಒತ್ತುತ್ತಾ ಕೂತಿದ್ದರಂತೆ.

ಹಿಂದೆ ಒಂದು ಸಣ್ಣ ತೂತು ಇದೆ, ಪಿನ್ ಹಾಕಿ ಒತ್ತಿದರೆ ಹೊಸ ಮೊಟ್ಟೆ ಬರುತ್ತೆ ಅಂದೆ. ಆಯಿ ಕೈ ಹಿಡಿದುಕೊಂಡರು. "ತಡೀಯೋ, ಈಗ ಹೋಗೇದ. ಒಂದ್ ದಿನಾ ಆದ್ರೂ ಬಿಡು." ಮರುದಿನ ಬೆಳಗ್ಗೆ ಸ್ನಾನ ಮಾಡಿ ಬಂದ ಮೇಲೆ ತಾವೇ ಪಿನ್ ತಂದುಕೊಟ್ಟರು.

ಎರಡು ತಿಂಗಳಾದ ಮೇಲೆ ಸೆಲ್ ಮುಗಿಯಿತು. ಗಡಿಯಾರದ ಅಂಗಡಿಯಲ್ಲಿ ಆ ಬಟನ್ ಸೆಲ್ ಜೋಡಿಗೆ ಮೂವತ್ತು ರೂಪಾಯಿ ಅಂದರು. ಅಲ್ಲಿಗೆ ಬಿಟ್ಟೆವು.

ಖಾಲಿ_ಚೀಲ (ಸೋಮವಾರ, ಬೆಳಗ್ಗೆ 7:20)

ನಿಮ್ಮ ಚುಕ್ಕಿ ಇನ್ನೂ ಇದೆ ಅನ್ನೋದೇ ಪುಣ್ಯ ಅಕ್ಕ. ನಂದು ಪೆಟ್ ಸೊಸೈಟಿ, ಫೇಸ್‌ಬುಕ್‌ನಲ್ಲಿ ಆಡೋದು. ಸ್ನಾನ ಮಾಡಿಸದಿದ್ದರೆ ಸುತ್ತ ನೊಣ ಹಾರೋದು, ನೆನಪಿದೆಯಾ? 2013ರ ಜೂನ್ 14ಕ್ಕೆ ಅದು ನಿಂತಿತು. ಕೊನೆಯ ದಿನ ಸ್ನಾನ ಮಾಡಿಸಿ, ಹೊಸ ಅಂಗಿ ಹಾಕಿ, ಮನೆ ಗುಡಿಸಿ ಲಾಗ್ ಔಟ್ ಆದೆ. ಮನೆಯವರು "ಯಾರ ಮದುವೆ?" ಅಂತ ಕೇಳಿದರು. ಒಂದು ಸ್ಕ್ರೀನ್‌ಶಾಟ್ ಇದೆ, ಅಷ್ಟೇ.

ಹಳೇ_ಎಕ್ಸ್‌ಚೇಂಜ್ (ಸೋಮವಾರ, ಮಧ್ಯಾಹ್ನ 3:10)

ತಂಗಿ, ನಾನು ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು. ಪೆಟ್ ವಿಚಾರ ನನಗೆ ತಿಳಿಯದು. ಬಿಲ್ ವಿಚಾರ ತಿಳಿಯುತ್ತದೆ.

ಆಗ ಲೋಕಲ್‌ಗೆ ಮೂರು ನಿಮಿಷಕ್ಕೆ ಒಂದು ಕಾಲ್. ಗಂಟೆಗೆ 20 ಕಾಲ್. 2,340ರಲ್ಲಿ ಬಾಡಿಗೆ ಅಂತ ಮುನ್ನೂರು ಕಳೆ. ಉಳಿದದ್ದು 2,040. ಕಾಲಿಗೆ ರೂಪಾಯಿ ಇಪ್ಪತ್ತು ಪೈಸೆ ಹಿಡಿ, 1,700 ಕಾಲ್. ಅಂದರೆ 85 ಗಂಟೆ. ಅರವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಹತ್ತಿರ ಹತ್ತಿರ ಒಂದೂವರೆ ಗಂಟೆ. ಅರ್ಧ ಗಂಟೆ ಅಂತ ಹೇಳಿದ್ದು ಯಾರಿಗೆ?

ಈ ಲೆಕ್ಕವನ್ನು ಎಷ್ಟು ಅಪ್ಪಂದಿರ ಎದುರು ಮಾಡಿದ್ದೇನೋ. ಬಿಲ್ ಹಿಡಿದುಕೊಂಡು ಬರೋರು, "ಮೀಟರ್ ಓಡಿಬಿಟ್ಟಿದೆ ಸಾರ್" ಅಂತ. ಪಕ್ಕದಲ್ಲಿ ಹುಡುಗ ನೆಲ ನೋಡುತ್ತಾ ನಿಂತಿರುತ್ತಿದ್ದ. ಮೀಟರ್ ಸರಿ ಇದೆ ಅಂತ ಹೇಳಿದರೆ ಹುಡುಗನಿಗೆ ಏಟು. ಪರೀಕ್ಷೆ ಮಾಡಿಸುತ್ತೇವೆ ಅಂತ ಅರ್ಜಿ ತಗೊಂಡು ಕಳಿಸುತ್ತಿದ್ದೆ. ಹದಿನೈದು ದಿನದಲ್ಲಿ ಸಿಟ್ಟು ಇಳಿಯುತ್ತದಲ್ಲ.

ಆ ಕೀರಲು ಶಬ್ದದ ಬಗ್ಗೆ ಬರೆದಿದ್ದೀಯ. ಅದು ಎರಡು ಕಡೆಯ ಮೋಡೆಮ್‌ಗಳು ಮಾತಾಡಿಕೊಳ್ಳೋದು. ಲೈನ್ ಎಷ್ಟು ಚೊಕ್ಕ ಇದೆ, ಎಷ್ಟು ವೇಗಕ್ಕೆ ತಡೆದುಕೊಳ್ಳುತ್ತದೆ ಅಂತ ಶಬ್ದ ಕಳಿಸಿ ಕಳಿಸಿ ಅಳೆದು ಒಪ್ಪಂದ ಮಾಡಿಕೊಳ್ಳೋದು. ಡಬ್ಬದ ಮೇಲೆ 56 ಅಂತ ಬರೆದಿರುತ್ತಿತ್ತು, ನಮ್ಮ ಕಡೆ ಮಳೆಗಾಲದಲ್ಲಿ 28 ಸಿಕ್ಕಿದರೆ ದೊಡ್ಡದು. ಕೇಬಲ್ ಜಾಯಿಂಟ್‌ಗೆ ನೀರು ಹೋದರೆ ಗುಂಯ್ ಅನ್ನೋ ಶಬ್ದ ಬರುತ್ತದೆ. ಮಾತಾಡುವವರಿಗೆ ಅದು ಬರೀ ಕಿರಿಕಿರಿ, ಮೋಡೆಮ್‌ಗೆ ಅದು ಗೋಡೆ. ಕೆಲವು ಹುಡುಗರು ಇನ್ನೂ ಚುರುಕು. ಮೋಡೆಮ್ ಸೆಟ್ಟಿಂಗ್‌ನಲ್ಲಿ ಎ-ಟಿ-ಎಂ-ಸೊನ್ನೆ ಅಂತ ಹಾಕಿದರೆ ಅದರ ಸ್ಪೀಕರ್ ಬಾಯಿ ಮುಚ್ಚುತ್ತದೆ. ರಾತ್ರಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಬಿಲ್ ಬಂದಾಗ ಗೊತ್ತಾಗುತ್ತದೆ.

ಹಲಸಿನ ಪೆಟ್ಟಿಗೆಗೆ ಬೀಗ ಹಾಕಿದ ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳು.

ಶಿರಸಿ_ಕಡೆಯವ (ಸೋಮವಾರ, ಸಂಜೆ 6:35)

ಅಂಕಿ ನೆನಪಿಲ್ಲ ಅಂದಿರಲ್ಲ, ಎಸ್‌ಟಿಡಿ ಕೋಡ್ ಹಾಕಿ ನೋಡಿದ್ರಾ? ಆಗ ಯಾವ ಹೆಸರು ಕೊಟ್ಟರೂ ಬೇರೆ ಯಾರೋ ತಗೊಂಡಿರೋರು. ನಾವೆಲ್ಲ ಊರಿನ ಕೋಡ್ ಸೇರಿಸುತ್ತಿದ್ದೆವು. ನನ್ನ ಮೊದಲ ಯಾಹೂ ಐಡಿ ಕೊನೆಗೆ 08384 ಇತ್ತು. ಸಾಗರದ್ದು 08183 ಅಲ್ವಾ?

ಚುಕ್ಕಿಯ_ಅಮ್ಮ (ಸೋಮವಾರ, ರಾತ್ರಿ 9:55)

ಸಿಕ್ಕಿತು!

ಶಿರಸಿಯವರೇ, ನಿಮಗೆ ಯಾವ ಜನ್ಮದ ಋಣವೋ. ನಾನು ಹುಟ್ಟಿದ ವರ್ಷ, ರೋಲ್ ನಂಬರ್, ಅಪ್ಪನ ಸ್ಕೂಟರ್ ನಂಬರ್ ಎಲ್ಲ ಹಾಕಿ ನೋಡಿ ಸೋತಿದ್ದೆ. ಚುಕ್ಕಿ ಅಂತ ಒತ್ತಿ 08183 ಸೇರಿಸಿದೆ. ಪುಟ ತೆರೆಯಿತು. ಈಗಿನ ಇಂಟರ್ನೆಟ್‌ನಲ್ಲಿ ಒಂದು ಸೆಕೆಂಡೂ ಆಗಲಿಲ್ಲ, ನಾನು ಅಭ್ಯಾಸಬಲದಿಂದ ಕುರ್ಚಿಗೆ ಒರಗಿ ಕಾಯೋಕೆ ರೆಡಿ ಆಗಿದ್ದೆ.

ಹಳದಿ ಕಚೀಕ್. ಮುಖ ಸಪ್ಪೆ. ವಯಸ್ಸು 8,400 ಚಿಲ್ಲರೆ ದಿನ. ಒಡೆಯರ ಹೆಸರು ನೋಡಿ ನಾಚಿಕೆ ಆಯ್ತು, ಆಗ ಇಷ್ಟ ಇದ್ದ ಒಬ್ಬ ಕ್ರಿಕೆಟ್ ಆಟಗಾರನ ಹೆಸರಿಗೆ ನನ್ನ ಹೆಸರು ಅಂಟಿಸಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ. ಗೆದ್ದಲು ತಿಂದಿದ್ದೇ ಒಳ್ಳೆಯದಾಯಿತು, ಅಮ್ಮ ಓದುತ್ತಿದ್ದರು.

ಮಗಳು ಪಕ್ಕದಲ್ಲೇ ಇದ್ದಳು. ಪರದೆಗೆ ಮೂಗು ತಾಗಿಸಿ ನೋಡಿದಳು. "ಇದಕ್ಕೆ ಈಗ ಊಟ ಹಾಕು" ಅಂದಳು. ಇದು ಹೊಸ ಅಕೌಂಟು, ಬೇರೆಯವರ ಪ್ರಾಣಿಗೆ ಊಟ ಹಾಕೋಕೆ ಬರಲ್ಲ ಅಂದೆ. "ನೀನು ಬೇರೆಯವಳಾ?" ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ. ಹೋಗಿ ಹಾಲು ಬಿಸಿ ಮಾಡಿ ತಂದೆ.

ಎಕ್ಸ್‌ಚೇಂಜ್ ಅಣ್ಣನವರೇ, ಒಂದೂವರೆ ಗಂಟೆ ನಿಜ. ಭಾನುವಾರ ಇನ್ನೂ ಜಾಸ್ತಿ. ಈ ವಿಷಯ ಇಲ್ಲೇ ಇರಲಿ.

ಸಹಾಯ ವಿಭಾಗಕ್ಕೆ ಬರೆಯೋಕೆ ಕೂತಿದ್ದೇನೆ. ಯೂಸರ್‌ನೇಮ್ ಇದೆ, ಚುಕ್ಕಿ ಹೆಸರು ಇದೆ, ಇಮೇಲ್ ಅಪ್ಪನ ಹಳೆಯ ಡೈರಿಯಲ್ಲಿ ಸಿಗುತ್ತೆ. ಹುಟ್ಟಿದ ತಾರೀಖು ಮಾತ್ರ ಇಲ್ಲ. ಅಕ್ಕನಿಗೆ ಫೋನ್ ಮಾಡಿದೆ. ಮೆಲ್ಬರ್ನ್‌ನಲ್ಲಿ ನಡುರಾತ್ರಿ. "ಯಾರದ್ದು ಹುಟ್ಟಿದಹಬ್ಬ?" ಅಂತ ಕೇಳಿ ಮತ್ತೆ ಮಲಗಿದಳು.

ಹಳೇ_ಎಕ್ಸ್‌ಚೇಂಜ್ (ಸೋಮವಾರ, ರಾತ್ರಿ 10:20)

ಅಪ್ಪನ ತಾರೀಖು ಹಾಕಿರಬೇಕು ತಂಗಿ. ದೊಡ್ಡವರ ವಯಸ್ಸು ಬೇಕು ಅಂದಾಗ ಮಕ್ಕಳಿಗೆ ಮನೆಯಲ್ಲಿ ಬೇರೆ ಯಾರದ್ದು ಗೊತ್ತಿರುತ್ತದೆ?

ಚುಕ್ಕಿಯ_ಅಮ್ಮ (ಮಂಗಳವಾರ, ಬೆಳಗ್ಗೆ 8:05)

ಅಪ್ಪನಿಗೆ ಫೋನ್ ಮಾಡಿದೆ. ಅವರಿಗೆ ಹುಟ್ಟಿದ ದಿನ ಎರಡು. ಜಾತಕದ್ದು ಶ್ರಾವಣದಲ್ಲಿ, ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡದ್ದು ಜೂನ್ 1. ಯಾವುದು ಬೇಕು ಅಂದರು. ಎರಡನ್ನೂ ಬರೆದುಕೊಂಡೆ. ಯಾಕೆ ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ಪೆಟ್ಟಿಗೆ ಇದೆ. ಅಮ್ಮ ಈಗ ಅದರಲ್ಲಿ ಏಲಕ್ಕಿ ಇಡ್ತಾಳೆ" ಅಂದರು.

ಫೋನ್ ಇಡುವ ಮೊದಲು ಇನ್ನೊಂದು ಮಾತು. "ಬೀಗ ಹಾಕಿದ ಮೇಲೂ ನೀನು ಕೂರ್ತಿದ್ದಿ ಅಂತ ಗೊತ್ತಿತ್ತು. ಶಬ್ದ ಕೇಳ್ತಿತ್ತಲ್ಲ."

ಎ-ಟಿ-ಎಂ-ಸೊನ್ನೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಣ್ಣಾ.

ಜೂನ್ 1 ಹಾಕಿ ಕಳಿಸಿದ್ದೇನೆ. ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ.